‘ಕ್ಯಾಂಪು’ ಎಂಬ ಮಾತು: ಬೀಡಿನಿಂದ ಊರಿನವರೆಗೆ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವ ನಿಮಿತ್ತವಾಗಿ ನಾವು ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ಪೆಟ್ಟಿಗೆಯಿಂದ ಹೊರತೆಗೆದು, ಧೂಳು ಕೊಡವಿ, ಹಾಳೆ ಹಾಳೆಯಾಗಿ ಓದಿದೆವು. ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜ್ಞಾನಪಿತೃಗಳ ಹೆಸರು, ಇವುಗಳ ಪಕ್ಕದಲ್ಲಿ ನಿವಾಸಸ್ಥಳಕ್ಕೆಂದು ಒಂದು ಅಂಕಣವಿರುವುದು ವಾಡಿಕೆ. ಬಹುಪಾಲು ಕಡೆ ಆ ಅಂಕಣದಲ್ಲಿ ಒಂದು ಊರಿನ ಹೆಸರಿದೆ. ಆದರೆ ತುಂಗಭದ್ರಾ ಅಣೆಕಟ್ಟಿನ ಕೆಲಸ ನಡೆದ ಕಾಲದ ಕೆಲವು ಪುಟಗಳಲ್ಲಿ ಊರಿನ ಹೆಸರಿಲ್ಲ; ‘ಕ್ಯಾಂಪ್’ ಎಂಬ ಒಂದೇ ಮಾತಿದೆ. ಯಾವ ಕ್ಯಾಂಪು, ಎಲ್ಲಿಯ ಕ್ಯಾಂಪು ಎಂಬುದನ್ನು ಬರೆದವರು ಹೇಳಿಲ್ಲ. ಅಂದು ಅದನ್ನು ಬರೆದ ಗುರುಗಳಿಗೆ ಅಷ್ಟು ಸಾಕಾಗಿತ್ತು. ಇಂದು ಬಂದು ನಾಳೆ ಹೋಗುವ ಜನವೆಂದು ಅವರು ಎಣಿಸಿದ್ದಿರಬೇಕು.

ಇದೇ ಸಂಚಿಕೆಗಾಗಿ ನಮ್ಮ ವಿಚಾರಣೆಯ ಕುಟುಂಬಗಳ ಪಟ್ಟಿಯನ್ನೂ ತಯಾರಿಸಬೇಕಾಗಿತ್ತು. ಅದರ ನಮೂನೆಯಲ್ಲಿ ‘ಸ್ವಂತ ಊರು’ ಎಂಬ ಒಂದು ಅಂಕಣವನ್ನು ನಾವೇ ಇರಿಸಿದ್ದೆವು. ಒಂದು ಭಾನುವಾರ ಪೂಜೆಯ ತರುವಾಯ ನಡುವಯಸ್ಸಿನ ಒಬ್ಬ ಗೃಹಸ್ಥರು ಆ ಹಾಳೆಯನ್ನು ಹಿಡಿದು ನಮ್ಮ ಬಳಿಗೆ ಬಂದು, “ಫಾದರ್, ಸ್ವಂತ ಊರು ಅಂತ ಏನು ಬರೀಬೇಕ್ರಿ? ನಮ್ಮಜ್ಜ ಎಲ್ಲಿಂದ ಬಂದ ಅನ್ನೋದು ನಮ್ಮಪ್ಪಗೇ ಸರಿಯಾಗಿ ಗೊತ್ತಿದ್ದಿಲ್ಲ. ನಾವು ಹುಟ್ಟಿದ್ದು ಕ್ಯಾಂಪಿನಾಗ. ಕ್ಯಾಂಪು ಅಂತ ಬರದ್ರ ಅದು ಊರು ಹೆಂಗಾಗ್ತತ್ರಿ?” ಎಂದು ಕೇಳಿದರು. ನಾವು ಒಡನೆಯೇ ಉತ್ತರ ಕೊಡಲಾರದೆ ಹೋದೆವು. ಅವರು ಆ ಅಂಕಣವನ್ನು ಖಾಲಿ ಬಿಟ್ಟು ಹಾಳೆಯನ್ನು ನಮ್ಮ ಕೈಗಿತ್ತು ಹೊರಟರು. ಆ ಖಾಲಿ ಜಾಗವೇ ಈ ಲೇಖನಕ್ಕೆ ಕಾರಣ. ದಿನಕ್ಕೆ ಹತ್ತು ಬಾರಿ ನಮ್ಮ ಬಾಯಲ್ಲಿ ಬಂದುಹೋಗುವ ಈ ಇಂಗ್ಲಿಷ್ ಮಾತು ಎಲ್ಲಿ ಹುಟ್ಟಿತು, ನಮ್ಮ ಸೀಮೆಗೆ ಹೇಗೆ ಬಂತು, ಬಂದ ಮೇಲೆ ಏನೇನು ಅರ್ಥಗಳನ್ನು ಹೊತ್ತಿತು ಎಂಬುದನ್ನು ವಾಚಕರೊಡನೆ ವಿಚಾರಮಾಡುವುದು ನಮ್ಮ ಉದ್ದೇಶ.

ಮಾತಿನ ಮೂಲ

ಗುರುಮಠದಲ್ಲಿ ಲ್ಯಾಟಿನ್ ಕಲಿತವರಿಗೆಲ್ಲ ‘ಕಾಂಪುಸ್’ ಎಂಬ ಪದ ಪರಿಚಿತ. ಬಯಲು, ಸಮತಟ್ಟಾದ ನೆಲ ಎಂದು ಅದರ ಅರ್ಥ. ಪುರಾತನ ರೋಮಾಪುರಿಯಲ್ಲಿ ಯುದ್ಧದೇವತೆಯಾದ ಮಾರ್ಸನ ಹೆಸರಿನ ಒಂದು ದೊಡ್ಡ ಬಯಲಿತ್ತು; ಸೈನಿಕರು ಕವಾಯತು ಮಾಡುತ್ತಿದ್ದುದು ಅಲ್ಲಿಯೇ. ಇಷ್ಟಾದರೂ ರೋಮನರು ತಮ್ಮ ಸೈನ್ಯದ ಬಿಡಾರವನ್ನು ‘ಕಾಂಪುಸ್’ ಎಂದು ಕರೆಯಲಿಲ್ಲ. ಅದಕ್ಕೆ ಅವರಲ್ಲಿ ‘ಕಾಸ್ತ್ರ’ ಎಂಬ ಬೇರೆ ಮಾತಿತ್ತು. ಬಯಲಿನ ಹೆಸರು ಬಯಲಿನಲ್ಲಿ ಇಳಿದವರ ಬಿಡಾರಕ್ಕೆ ಅಂಟಿಕೊಂಡದ್ದು ಬಹುಕಾಲದ ನಂತರ. ಕಾಂಪುಸ್ ಎಂಬುದು ಇಟಲಿಯ ಭಾಷೆಯಲ್ಲಿ ‘ಕಾಂಪೊ’ ಆಯಿತು. ಅಲ್ಲಿಂದ ಫ್ರೆಂಚರ ಸೈನ್ಯದ ಭಾಷೆಗೆ ಹೋಗಿ, 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ‘ಕ್ಯಾಂಪ್’ ಆಗಿ ಬಂತು. ಅದಕ್ಕೂ ಮೊದಲು ಹಳೆಯ ಇಂಗ್ಲಿಷಿನಲ್ಲಿ ಇದೇ ರೂಪದ ಮಾತೊಂದು ಕಾಳಗ ಎಂಬ ಅರ್ಥದಲ್ಲಿ ಬಳಕೆಯಲ್ಲಿದ್ದು ಮರೆಯಾಗಿತ್ತು. ಅದೂ ಇದೇ ಲ್ಯಾಟಿನ್ ಬೇರಿನದು. ಬಯಲಿನಲ್ಲಿ ನಡೆಯುತ್ತಿದ್ದುದು ಕಾಳಗವಾದ್ದರಿಂದ ಬಯಲೆಂದರೆ ಕಾಳಗವೆಂದೇ ಆಗಿತ್ತು.

ಈ ಒಂದು ಬೇರಿನಿಂದ ಒಡೆದ ಕೊಂಬೆಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬಯಲಿನಲ್ಲಿ ನಿಂತು ಹೋರಾಡುವವನು ‘ಚಾಂಪಿಯನ್’. ಸೈನ್ಯ ಬಯಲಿಗಿಳಿದು ನಡೆಸುವ ದಂಡಯಾತ್ರೆ ‘ಕ್ಯಾಂಪೇನ್’. ಚುನಾವಣೆಯ ಕಾಲದಲ್ಲಿ ಈ ಮಾತನ್ನು ಕೇಳದ ಹಳ್ಳಿಯಿಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿದ್ಯಾಲಯದವರು ತಮ್ಮ ಆವರಣದ ಬಯಲಿಗೆ ಮೂಲ ಲ್ಯಾಟಿನ್ ಹೆಸರನ್ನೇ ಇಟ್ಟರು. ಇಂದು ನಮ್ಮ ಮಕ್ಕಳು ಹೇಳುವ ‘ಕ್ಯಾಂಪಸ್’ ಅದೇ. ಒಂದು ತುಂಡು ನೆಲದ ಹೆಸರು ಕಾಳಗಕ್ಕೂ ಕಲಿಕೆಗೂ ಸಂದಿದೆ.

ಕಾಸ್ತ್ರ ಎಂಬ ಮಾತನ್ನೂ ನಾವು ಮರೆಯಬಾರದು. ಮುಂದಿನ ವಿಚಾರಕ್ಕೆ ಅದು ಬೇಕಾಗುತ್ತದೆ. ರೋಮನ್ ಸೈನ್ಯ ಬ್ರಿಟನ್ ದ್ವೀಪದಲ್ಲಿ ಹೂಡಿದ ಬಿಡಾರಗಳು ಸೈನ್ಯ ಹೋದ ಮೇಲೂ ಉಳಿದವು. ಚೆಸ್ಟರ್, ಮ್ಯಾಂಚೆಸ್ಟರ್, ಲಂಕಾಸ್ಟರ್ ಎಂಬ ಊರುಗಳ ಹೆಸರಿನಲ್ಲಿ ಅಡಗಿರುವುದು ಕಾಸ್ತ್ರ ಎಂಬ ಪದವೇ. ಸ್ಪೇನ್ ದೇಶದ ಲೆಯೋನ್ ನಗರದ ಹೆಸರು ರೋಮನ್ ಸೈನ್ಯದ ‘ಲೆಜಿಯೊ’ ಎಂಬ ದಳದಿಂದ ಬಂದದ್ದು. ಇಂದು ಮ್ಯಾಂಚೆಸ್ಟರಿನವನನ್ನು ಕಂಡು ನೀನು ಬಿಡಾರದವನು ಎಂದು ಯಾರೂ ಹೇಳುವುದಿಲ್ಲ.

ನಮ್ಮ ನೆಲದ ಮಾತುಗಳು

ಕ್ಯಾಂಪು ಬರುವುದಕ್ಕೆ ಮೊದಲು ನಮ್ಮಲ್ಲಿ ಈ ಅರ್ಥದ ಮಾತುಗಳಿಗೆ ಬಡತನವಿತ್ತೇ? ಖಂಡಿತ ಇಲ್ಲ. ಬೀಡು, ಬಿಡಾರ, ಬಿಡದಿ, ಪಾಳೆಯ, ದಂಡು, ಶಿಬಿರ, ಮೊಕ್ಕಾಂ, ಹೀಗೆ ಒಂದು ಸಾಲೇ ಇದೆ. ಇವುಗಳಲ್ಲಿ ‘ಬೀಡು’ ಎಂಬುದು ಅಚ್ಚ ಕನ್ನಡದ ಮಾತು. ಪಯಣವನ್ನು ನಿಲ್ಲಿಸಿ ಎತ್ತುಗಳ ಕೊರಳು ಬಿಚ್ಚಿದ ತಾಣವೇ ಬೀಡು. ಆದರೆ ಶಾಸನಗಳ ಕಾಲಕ್ಕೇ ಈ ಮಾತಿನ ಅರ್ಥ ಬೆಳೆದಿತ್ತು. ಕಲ್ಯಾಣದ ಚಾಲುಕ್ಯರ ಶಾಸನಗಳು ಅರಸನ ರಾಜಧಾನಿಯನ್ನು ‘ನೆಲೆವೀಡು’ ಎಂದು ಕರೆಯುತ್ತವೆ. ನೆಲೆ ಎಂದರೆ ಸ್ಥಿರವಾದುದು, ಬೀಡು ಎಂದರೆ ತಂಗುದಾಣ. ಎರಡೂ ಕೂಡಿ ಸ್ಥಿರವಾದ ತಂಗುದಾಣ. ಅಲೆಯುವುದಕ್ಕೂ ನೆಲೆಸುವುದಕ್ಕೂ ನಡುವೆ ನಮ್ಮ ಪೂರ್ವಿಕರು ದೊಡ್ಡ ಗೋಡೆಯನ್ನು ಕಟ್ಟಲಿಲ್ಲವೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ. ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ ಹಾಳಾದ ಮೇಲೆ ‘ಹಳೇಬೀಡು’ ಎಂದಾಯಿತು.

‘ಪಾಳೆಯ’ದ ಕಥೆ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಪಾಳೆಯವೆಂದರೆ ಸೈನ್ಯದ ಬಿಡಾರ; ಅದನ್ನು ಇಟ್ಟುಕೊಂಡು ದೊರೆಗೆ ಬೇಕಾದಾಗ ಆಳು ಕುದುರೆ ಒದಗಿಸುವವನು ಪಾಳೆಯಗಾರ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರ ಹೆಸರು ಈ ಭಾಗದವರೆಲ್ಲರಿಗೂ ಗೊತ್ತು. ಬಿಡಾರದ ಒಡೆಯನು ಕಾಲಕ್ರಮದಲ್ಲಿ ನೆಲದ ಒಡೆಯನಾದನು. ಬೆಂಗಳೂರಿನ ಸುತ್ತಮುತ್ತ ‘ಪಾಳ್ಯ’ ಎಂದು ಕೊನೆಗೊಳ್ಳುವ ಊರು ಕೇರಿಗಳಿಗೆ ಲೆಕ್ಕವಿಲ್ಲ. ಅವೂ ಒಂದು ಕಾಲದ ಬಿಡಾರಗಳೇ. 1809ರ ಸುಮಾರಿಗೆ ಅಲ್ಲಿ ಇಂಗ್ಲಿಷರ ಸೈನ್ಯ ನೆಲೆಯೂರಿದಾಗ ಜನ ಅದನ್ನು ‘ದಂಡು’ ಎಂದರು. ರೈಲು ನಿಲ್ದಾಣದ ಹೆಸರಿನಲ್ಲಿ ಆ ದಂಡು ಇಂದಿಗೂ ಉಳಿದಿದೆ.

ವಿಜಯನಗರದ ಅರಸರ ಬೀಡು ಎಂತಹುದೆಂಬುದನ್ನು ಪೋರ್ಚುಗೀಸರ ನ್ಯೂನಿಜ್ ಬರೆದಿಟ್ಟಿದ್ದಾನೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯ ಮೇಲೆ ದಂಡೆತ್ತಿ ಹೋದಾಗ ಹೂಡಿದ ಬೀಡಿನಲ್ಲಿ ಬೀದಿಗಳಿದ್ದುವು, ಅಂಗಡಿ ಸಾಲುಗಳಿದ್ದುವು, ಬೇಕೆಂದ ವಸ್ತು ಅಲ್ಲಿ ದೊರೆಯುತ್ತಿತ್ತು ಎಂದು ಅವನ ವರ್ಣನೆಯಿಂದ ತಿಳಿದುಬರುತ್ತದೆ. ಬಟ್ಟೆಯ ಡೇರೆಗಳಿಂದ ಕಟ್ಟಿದ ಒಂದು ನಗರವೇ ಅದಾಗಿತ್ತು.

ಕುಂಪಣಿ ಸರಕಾರದ ಕ್ಯಾಂಪು

ಇಷ್ಟೊಂದು ಮಾತುಗಳಿರುವ ನಾಡಿಗೆ ಇಂಗ್ಲಿಷಿನ ಕ್ಯಾಂಪು ಬಂದದ್ದು ಇಂಗ್ಲಿಷರ ಸೈನ್ಯ ಮತ್ತು ಕಂದಾಯದ ಅಧಿಕಾರಿಗಳ ಹಿಂದೆ. ಉತ್ತರದಲ್ಲಿ ಇದು ಬೇರೊಂದು ದಾರಿಯಿಂದಲೂ ಬಂದಿತ್ತು. ಮರಾಠಾ ಸರದಾರರು ಯೂರೋಪಿಯನ್ ಸೇನಾನಿಗಳ ಕೈಕೆಳಗೆ ತರಬೇತಿ ಕೊಡಿಸಿದ ಪಡೆಗಳಿಗೆ ‘ಕಂಪೂ’ ಎಂಬ ಹೆಸರಿತ್ತು; ಅದು ಪೋರ್ಚುಗೀಸರ ‘ಕಾಂಪೊ’ದಿಂದ ಬಂದಿರಬೇಕೆಂದು ಪಂಡಿತರ ಅಭಿಪ್ರಾಯ. ಬೆಳಗಾವಿಯಲ್ಲಿಯೂ ಪುಣೆಯಲ್ಲಿಯೂ ದಂಡಿನ ಪ್ರದೇಶವನ್ನು ಜನ ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಪ್ರದೇಶಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಈ ದತ್ತ ಮಂಡಲದ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದನು. ಬಂಗಲೆಯಲ್ಲಿ ಕುಳಿತು ಅಧಿಕಾರ ನಡೆಸುವ ಸ್ವಭಾವ ಅವನದಾಗಿರಲಿಲ್ಲ. ವರ್ಷದ ಬಹುಭಾಗವನ್ನು ಡೇರೆಯಲ್ಲಿಯೇ ಕಳೆದು, ಊರಿಂದೂರಿಗೆ ಹೋಗಿ, ರೈತರ ಮಾತು ಕೇಳಿ, ಕಂದಾಯ ಗೊತ್ತುಮಾಡುತ್ತಿದ್ದನು. ಮುಂದೆ ಮದರಾಸಿನ ಗವರ್ನರಾದ ಮೇಲೂ ಈ ಸೀಮೆಯ ಜನರನ್ನು ಬಿಟ್ಟುಹೋಗುವ ಮುನ್ನ ಮತ್ತೊಮ್ಮೆ ನೋಡಬೇಕೆಂದು ಸಂಚಾರ ಹೊರಟು, 1827ರ ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ವಾಂತಿಭೇದಿಗೆ ತುತ್ತಾಗಿ ತೀರಿಕೊಂಡನು. ಅವನ ಅಂತ್ಯವೂ ಸಂಚಾರದ ಬಿಡಾರದಲ್ಲಿಯೇ ಆಯಿತು.

ಅಧಿಕಾರಿಯ ಸಂಚಾರವೇ ಆಡಳಿತದ ಕ್ರಮವಾದಾಗ ‘ಕ್ಯಾಂಪು’ ಎಂಬುದು ಕಚೇರಿಯ ಮಾತಾಯಿತು. “ಸಾಹೇಬರು ಕ್ಯಾಂಪ್ ಹೋಗಿದ್ದಾರೆ” ಎಂಬ ಉತ್ತರವನ್ನು ಕೇಳಿ ಹಿಂತಿರುಗದ ರೈತನಿಲ್ಲ. ಕಾಗದದ ತಲೆಯಲ್ಲಿ ತಾರೀಖಿನ ಪಕ್ಕ ‘ಕ್ಯಾಂಪ್’ ಎಂದು ಬರೆದು ಊರಿನ ಹೆಸರು ನಮೂದಿಸುವ ಪದ್ಧತಿಯೂ ಬೆಳೆಯಿತು. ಮೊದಲು ಅದೇ ಜಾಗದಲ್ಲಿ ‘ಮೊಕ್ಕಾಂ’ ಎಂದು ಬರೆಯುತ್ತಿದ್ದರು. ನಾಟಕ ಕಂಪನಿಗಳವರೂ ಈ ಮಾತನ್ನು ಎತ್ತಿಕೊಂಡರು. ಜಾತ್ರೆಯ ಊರಿನಲ್ಲಿ ತಗಡಿನ ಥಿಯೇಟರು ಎಬ್ಬಿಸಿ ತಿಂಗಳುಗಟ್ಟಲೆ ಆಟವಾಡಿದರೆ, ಆ ಊರಿನ ಕ್ಯಾಂಪು ಚೆನ್ನಾಗಿ ನಡೆಯಿತು ಎಂದೋ ಕೈಕೊಟ್ಟಿತು ಎಂದೋ ಹೇಳಿಕೊಳ್ಳುತ್ತಿದ್ದರು.

ಆದರೆ ಇದೇ ಮಾತು ಬಡವರ ಪಾಲಿಗೆ ಕಹಿಯಾದ ಕಾಲವೂ ಬಂತು. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಒಂದು. ಸರಕಾರ ತೆರೆದ ಪರಿಹಾರ ಕ್ಯಾಂಪುಗಳಿಗೆ ಊರು ಮನೆ ಬಿಟ್ಟ ಜನ ಬಂದು ಸೇರಿದರು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿಯ ಪ್ರಕಾರ, ಕಲ್ಲು ಒಡೆದು ಮಣ್ಣು ಹೊತ್ತು ದುಡಿಯುವ ಗಂಡಾಳಿಗೆ ದಿನಕ್ಕೆ ದೊರೆಯುತ್ತಿದ್ದುದು ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲಿಷ್ಟು ಚಿಲ್ಲರೆ ಕಾಸು. ಈ ಕೂಲಿ ಜೀವ ಹಿಡಿಯುವುದಕ್ಕೆ ಸಾಲದೆಂದು ಮದರಾಸಿನ ವೈದ್ಯಾಧಿಕಾರಿಗಳೇ ವಾದಿಸಿದರು. ಅಧಿಕಾರಿ ತಾನಾಗಿ ಹೋಗಿ ಹೂಡುವ ಕ್ಯಾಂಪು ಬೇರೆ. ಗತಿಯಿಲ್ಲದವನು ಹೋಗಿ ಬೀಳುವ ಕ್ಯಾಂಪು ಬೇರೆ. ಒಂದೇ ಪದದಲ್ಲಿ ಈ ಎರಡೂ ಅಂದಿನಿಂದ ಸೇರಿಕೊಂಡವು.

ತುಂಗಭದ್ರೆಯ ದಂಡೆಯ ಮೇಲೆ

ಈಗ ನಮ್ಮ ದಾಖಲೆ ಪುಸ್ತಕದ ಆ ಪುಟಗಳ ಕಾಲಕ್ಕೆ ಬರೋಣ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ದಂಡೆಗಳಲ್ಲಿಯೂ ಅಡಿಗಲ್ಲು ಬಿತ್ತು. ಹೈದರಾಬಾದಿನ ಕಡೆ ಬೀರಾರದ ರಾಜಕುಮಾರರಿಂದ, ಮದರಾಸಿನ ಕಡೆ ಗವರ್ನರ್ ಸರ್ ಆರ್ಥರ್ ಹೋಪ್ ಅವರಿಂದ. ಸಿಮೆಂಟಿನ ಬದಲು ಸುಣ್ಣ ಸುರ್ಕಿಯ ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ ಈ ಮಹಾ ಕಟ್ಟಡಕ್ಕೆ ಲೆಕ್ಕವಿಲ್ಲದಷ್ಟು ಕೈಗಳು ಬೇಕಾದವು. ಕಲ್ಲು ಒಡೆಯುವವರು, ಗಾರೆ ಅರೆಯುವವರು, ಮೇಸ್ತ್ರಿಗಳು, ಯಂತ್ರದ ಕೆಲಸದವರು, ಗುಮಾಸ್ತರು ಹಲವು ಭಾಷೆಗಳ ಸೀಮೆಗಳಿಂದ ಬಂದರು. ಅವರಿದ್ದ ಸಾಲುಮನೆಗಳೂ ಗುಡಿಸಿಲುಗಳೂ ಕ್ಯಾಂಪುಗಳಾದವು. ಅವರಲ್ಲಿ ನಮ್ಮ ಸಭೆಯವರೂ ಇದ್ದರು. ಅವರ ಮಕ್ಕಳೇ ನಮ್ಮ ಪುಸ್ತಕದಲ್ಲಿ ‘ಕ್ಯಾಂಪ್’ ಎಂಬ ನಿವಾಸಸ್ಥಳ ಪಡೆದ ಶಿಶುಗಳು.

1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನೀರು ನಿಂತದ್ದರಿಂದ ಸುಮಾರು 90 ಹಳ್ಳಿಗಳು ಮುಳುಗಡೆಯಾದವು. ಐವತ್ತು ಸಾವಿರಕ್ಕೂ ಮಿಕ್ಕ ಜನ ಹೊಲ ಮನೆ ಕಳೆದುಕೊಂಡು ಬೇರೆಡೆಗೆ ಸಾಗಿದರು. ನಾರಾಯಣದೇವರಕೆರೆ ಎಂಬ ದೊಡ್ಡ ಊರು ನೀರಿನಡಿ ಸೇರಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆಗೊಂಡರು. ನೂರಾರು ವರ್ಷಗಳ ಊರು ನೀರಾಯಿತು. ಕೆಲಸದವರು ಎರಡು ದಿನಕ್ಕೆಂದು ಕಟ್ಟಿದ ಕ್ಯಾಂಪು ಊರಾಗಿ ನಿಂತಿತು. ಹೊಸಪೇಟೆಯ ಪಕ್ಕದಲ್ಲಿ ‘ಟಿ.ಬಿ. ಡ್ಯಾಂ’ ಎಂಬುದೇ ಇಂದು ಒಂದು ಊರಿನ ಹೆಸರು. ಊರು ಶಾಶ್ವತ, ಕ್ಯಾಂಪು ಕ್ಷಣಿಕ ಎಂದು ಹೇಳುವವರು ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಕಾಣುವ ಹಳೆಯ ಊರುಗಳ ಕುರುಹುಗಳನ್ನು ಒಮ್ಮೆ ನೋಡಿಬರಬೇಕು.

ಕಾಲುವೆಯ ನೀರನ್ನು ಹಿಂಬಾಲಿಸಿ ಮತ್ತೊಂದು ಜನಸಮೂಹ ಬಂತು. ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಕಡೆಯ ಎರೆಭೂಮಿಯನ್ನು ಕೊಂಡು ಭತ್ತ ಬೆಳೆಯಲು ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಸಂಸಾರ ಸಮೇತ ಬಂದು, ಹಳೆಯ ಊರುಗಳಿಂದ ದೂರವಾಗಿ ತಮ್ಮ ಹೊಲಗಳ ನಡುವೆಯೇ ಗುಡಿಸಿಲು ಹಾಕಿಕೊಂಡರು. ಅವೂ ‘ಕ್ಯಾಂಪು’ಗಳೆನಿಸಿದವು. ದೇವರ ಹೆಸರನ್ನೋ ಮೊದಲು ಬಂದ ಹಿರಿಯನ ಹೆಸರನ್ನೋ ಮುಂದಿಟ್ಟು ‘ವೆಂಕಟೇಶ್ವರ ಕ್ಯಾಂಪ್’ ಎಂಬಂತೆ ಅವುಗಳನ್ನು ಕರೆಯುತ್ತಾರೆ. ಗುಡಿಸಿಲು ಹೋಗಿ ತಾರಸಿ ಮನೆಯಾದರೂ, ಅಕ್ಕಿ ಗಿರಣಿ, ಶಾಲೆ, ಗುಡಿ, ಚರ್ಚು ಎಲ್ಲವೂ ಬಂದರೂ ಹೆಸರು ಕ್ಯಾಂಪೇ.

ಹಲವು ಬಗೆಯ ಕ್ಯಾಂಪುಗಳು

ನಮ್ಮ ನಾಡು ದೂರದ ನಿರಾಶ್ರಿತರಿಗೂ ನೆಲ ಕೊಟ್ಟಿದೆ. ಟಿಬೆಟ್ಟಿನಿಂದ ಬಂದವರಿಗೆ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿಯೂ 1966ರಲ್ಲಿ ಮುಂಡಗೋಡಿನಲ್ಲಿಯೂ ವಸತಿಗಳಾದವು. ಮುಂಡಗೋಡಿನ ಸುತ್ತಲ ಜನರು ಅವನ್ನು ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ಎಣಿಸಿಯೇ ಹೇಳುತ್ತಾರೆ. 1970ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಸಿಂಧನೂರಿನ ಬಳಿ ನೆಲೆಸಿದವು; ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಪದದ ಎರಡಕ್ಷರ ಹಿಡಿದು ಅವುಗಳಿಗೆ ‘ಆರ್.ಎಚ್. ಕ್ಯಾಂಪ್’ ಎಂಬ ಹೆಸರಾಯಿತು. ಅರ್ಧ ಶತಮಾನದ ಮೇಲೂ ಆ ಹೆಸರು ಅಳಿದಿಲ್ಲ.

ಇದೇ ಮಾತು ಸೇವೆಯ ಹೆಸರೂ ಆಯಿತು. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ನೇತ್ರ ಚಿಕಿತ್ಸೆ ನಡೆಸಿದ ಮೇಲೆ ‘ಕಣ್ಣಿನ ಕ್ಯಾಂಪು’ ಎಂಬ ಮಾತು ನಾಡಿನ ಮನೆಮನೆಯದಾಯಿತು. ಪೊರೆ ಬಂದು ಕತ್ತಲಾಗಿದ್ದ ಅದೆಷ್ಟೋ ಅಜ್ಜ ಅಜ್ಜಿಯರು ಕ್ಯಾಂಪಿನಲ್ಲಿ ಮೊಮ್ಮಕ್ಕಳ ಮುಖ ಕಂಡರು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದಂದಿನಿಂದ ಕಾಲೇಜು ಮಕ್ಕಳು ಹಳ್ಳಿಗೆ ಬಂದು ಮೋರಿ ತೋಡಿ ಗಿಡ ನೆಡುವುದೂ ಕ್ಯಾಂಪು. ಆಮಂತ್ರಣ ಪತ್ರಿಕೆಯಲ್ಲಿ ‘ಶಿಬಿರ’ ಎಂದು ಅಚ್ಚಾದರೂ ಬಾಯಲ್ಲಿ ಕ್ಯಾಂಪೇ. ರಾಜಕೀಯದವರಲ್ಲಿ ಅದು ಪಕ್ಷದೊಳಗಿನ ಬಣ. ಪತ್ರಿಕೆಗಳು ಅದನ್ನು ‘ಪಾಳೆಯ’ ಎಂದು ಕನ್ನಡಿಸುತ್ತವೆ.

ಈ ಪದದ ಮೇಲೆ ರಕ್ತದ ಕಲೆಯೂ ಇದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಕಾಲದಲ್ಲಿ, 1900ರಿಂದ 1902ರವರೆಗೆ, ಇಂಗ್ಲಿಷರು ಹೆಂಗಸರು ಮಕ್ಕಳನ್ನು ಕೂಡಿಹಾಕಿದ ತಾಣಗಳಿಗೂ ಕ್ಯಾಂಪು ಎಂದೇ ಹೆಸರಿತ್ತು; ಅಲ್ಲಿ ರೋಗ ರುಜಿನಗಳಿಂದ ಸಾವಿರಾರು ಮಂದಿ ಸತ್ತರು. ಹಿಟ್ಲರನ ಕಾಲದ ಕ್ಯಾಂಪುಗಳ ಘೋರವನ್ನು ವಿವರಿಸಬೇಕಾಗಿಲ್ಲ. 1941ರ ಆಗಸ್ಟ್ 14ರಂದು ಆಶ್‌ವಿಟ್ಜ್ ಕ್ಯಾಂಪಿನಲ್ಲಿ, ಹೆಂಡತಿ ಮಕ್ಕಳುಳ್ಳ ಮತ್ತೊಬ್ಬ ಕೈದಿಯ ಬದಲಾಗಿ ತಮ್ಮ ಪ್ರಾಣ ಒಪ್ಪಿಸಿದ ಪೋಲೆಂಡಿನ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆಯವರನ್ನು ಸಂತರೆಂದು 1982ರಲ್ಲಿ ಧರ್ಮಸಭೆ ಘೋಷಿಸಿತು. ಕಣ್ಣು ಕೊಡುವ ಸ್ಥಳಕ್ಕೂ ಕೊಲ್ಲುವ ಸ್ಥಳಕ್ಕೂ ಒಂದೇ ಹೆಸರು. ಆದುದರಿಂದ ಪದದಲ್ಲಿ ದೋಷವಿಲ್ಲ. ಅದನ್ನು ಯಾರು ಯಾರ ಮೇಲೆ ಏತಕ್ಕಾಗಿ ಹಚ್ಚುತ್ತಾರೆಂಬುದರಲ್ಲಿ ಗುಣದೋಷಗಳಿವೆ.

ತಾಂಡದ ಪಾಠ

ಈ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲವರು ನೆರೆಯಲ್ಲಿಯೇ ಇದ್ದಾರೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಗಳಿಲ್ಲದ ದಿಕ್ಕಿಲ್ಲ. ‘ತಾಂಡ’ ಎಂದರೆ ಮೂಲದಲ್ಲಿ ಊರಲ್ಲ. ಹೇರೆತ್ತುಗಳ ಮೇಲೆ ದವಸ ಉಪ್ಪು ಹೇರಿಕೊಂಡು ನಡೆಯುವ ಸಾಲು ಅದು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದ್ದು ಇಂತಹ ತಾಂಡಗಳೇ. ಅಂದರೆ ಇಂಗ್ಲಿಷರ ಕ್ಯಾಂಪಿಗೆ ಅನ್ನ ಹೊತ್ತವರು ತಾಂಡದವರು. ರಸ್ತೆ ರೈಲುಗಳು ಬಂದು ಹೇರೆತ್ತಿನ ವ್ಯಾಪಾರ ಮುರಿದಾಗ ನಡೆಯುವ ತಾಂಡ ನಿಂತಿತು, ನಿಂತಲ್ಲಿಯೇ ಊರಾಯಿತು. ಆದರೂ ಸರಕಾರದ ಕಂದಾಯ ಲೆಕ್ಕದಲ್ಲಿ ಬಹುಕಾಲ ಅದು ಊರಾಗಲಿಲ್ಲ. ಲೆಕ್ಕದಲ್ಲಿ ಊರಿಲ್ಲವೆಂದರೆ ಮನೆಗೆ ಹಕ್ಕುಪತ್ರವಿಲ್ಲ. ಹಕ್ಕುಪತ್ರವಿಲ್ಲವೆಂದರೆ ಬ್ಯಾಂಕಿನ ಸಾಲವಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯಿಲ್ಲ.

1961ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ 2016ರ ತಿದ್ದುಪಡಿಯ ಮೂಲಕ ಸೇರಿದ 38-ಎ ಕಲಮು ಈ ಕೊರತೆಯನ್ನು ನೀಗಲು ತಂದದ್ದು. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಮನೆಯ ಒಡೆತನ ಕೊಡುವುದು ಅದರ ಗುರಿ. ಅಂತಹ ವಸತಿಗಳು ಯಾವುವೆಂದು ಅದರಲ್ಲಿ ಒಂದು ಪಟ್ಟಿಯಿದೆ: ಲಂಬಾಣಿ ತಾಂಡ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೊನಿ ಇತ್ಯಾದಿ. ಈ ಪಟ್ಟಿಯನ್ನು ಓದಿದಾಗ ನಮಗೆ ಸಂತೋಷವಾಯಿತು. ಹಿಂದಿನ ಸೈನ್ಯದ ಪಾಳೆಯವೂ ಇಂಗ್ಲಿಷಿನ ಕ್ಯಾಂಪೂ ಬಂಜಾರರ ತಾಂಡವೂ ಒಂದೇ ಸಾಲಿನಲ್ಲಿ ನಿಂತು, ನಾವೂ ಊರು ಎಂದು ಕೇಳುತ್ತಿವೆ. 2023ರ ಜನವರಿ 19ರಂದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಲಬುರಗಿ ಮೊದಲಾದ ಐದು ಜಿಲ್ಲೆಗಳ ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಹೆಸರು ಕ್ಯಾಂಪೆಂದು ಇದ್ದಮಾತ್ರಕ್ಕೆ ಜನ ತಾತ್ಕಾಲಿಕರಲ್ಲವೆಂದು ಕಾಯಿದೆಯೇ ಒಪ್ಪಿದಂತಾಯಿತು.

ಧರ್ಮಸಭೆಯ ಮಾತು

ನಮ್ಮ ಧರ್ಮಸಭೆಯ ಕಾನೂನು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿದೆ ಎಂಬುದನ್ನೂ ಹೇಳಬೇಕು. ಒಬ್ಬನ ನೆಲೆ ಯಾವುದೆಂದು ತೀರ್ಮಾನಿಸಲು ಅದು ಎರಡೇ ಸಂಗತಿಗಳನ್ನು ನೋಡುತ್ತದೆ: ಅಲ್ಲಿಯೇ ಉಳಿಯಬೇಕೆಂಬ ಮನಸ್ಸಿದೆಯೇ? ಅಥವಾ ಅಲ್ಲಿ ಇಷ್ಟು ವರ್ಷ ವಾಸವಾಗಿದ್ದಾನೆಯೇ? 1917ರ ನ್ಯಾಯಸಂಹಿತೆ ಅದಕ್ಕೆ 10 ವರ್ಷಗಳ ವಾಸವನ್ನು ಗೊತ್ತುಮಾಡಿತ್ತು. 1983ರ ಸಂಹಿತೆ 5 ವರ್ಷ ಸಾಕೆಂದಿತು. ಅಜ್ಜ ಎಲ್ಲಿಂದ ಬಂದನೆಂದು ಅದು ಕೇಳುವುದಿಲ್ಲ; ಮನೆಯ ಗೋಡೆ ಕಲ್ಲಿನದೋ ತಟ್ಟಿಯದೋ ಎಂದೂ ಕೇಳುವುದಿಲ್ಲ. ಈ ಅಳತೆಯಿಂದ ನೋಡಿದರೆ, ನಮ್ಮ ಹಳೆಯ ಪುಸ್ತಕದ ಕ್ಯಾಂಪಿನ ಶಿಶುಗಳು ಪ್ರೌಢಶಾಲೆಗೆ ಹೋಗುವ ಮೊದಲೇ ಈ ನೆಲದವರಾಗಿದ್ದರು.

ಇನ್ನೊಂದು ಮಾತು. ನಾವು ವಿಚಾರಣೆ ಅಥವಾ ಧರ್ಮಕೇಂದ್ರ ಎನ್ನುವುದಕ್ಕೆ ಇಂಗ್ಲಿಷಿನವರು ‘ಪ್ಯಾರಿಷ್’ ಎನ್ನುತ್ತಾರೆ. ಅದರ ಮೂಲ ಗ್ರೀಕ್ ಭಾಷೆಯ ‘ಪರೋಯಿಕಿಯ’. ‘ಓಯಿಕೊಸ್’ ಎಂದರೆ ಮನೆ, ‘ಪರಾ’ ಎಂದರೆ ಪಕ್ಕ. ಮನೆಯ ಪಕ್ಕದಲ್ಲಿ, ಪರದೇಶಿಯಾಗಿ, ಸ್ವಲ್ಪ ಕಾಲ ವಾಸಿಸುವುದೆಂದೇ ಅದರ ಅರ್ಥ. ಪೌರತ್ವವಿಲ್ಲದೆ ನಗರದಲ್ಲಿ ನೆಲೆಸಿದ ಹೊರಗಿನವನನ್ನು ಗ್ರೀಕರು ಈ ಮಾತಿನಿಂದ ಕರೆಯುತ್ತಿದ್ದರು. ಮೊದಲ ಶತಮಾನದ ಕೊನೆಯಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಪತ್ರ ಬರೆದಾಗ ಎರಡೂ ಸಭೆಗಳನ್ನು ಹೀಗೆ ಪರದೇಶಿಗಳಾಗಿ ತಂಗಿದವರೆಂದೇ ಹೇಳಿಕೊಂಡಿತು. ಅದೇ ಮಾತು ಲ್ಯಾಟಿನ್ ಫ್ರೆಂಚುಗಳ ಮೂಲಕ ಸಾಗಿ, ಇಂದು ಎಲ್ಲಕ್ಕಿಂತ ಸ್ಥಿರವಾದ, ಗಡಿ ಗುರುತಿರುವ, ದಾಖಲೆ ಪುಸ್ತಕಗಳಿರುವ ವ್ಯವಸ್ಥೆಯ ಹೆಸರಾಗಿದೆ. ಅಂದಮೇಲೆ ‘ಪ್ಯಾರಿಷ್’ ಎಂಬುದೂ ಅರ್ಥದಲ್ಲಿ ಒಂದು ಕ್ಯಾಂಪೇ. ನಮ್ಮ ಸಭೆಯ ಹೆಸರಿನಲ್ಲಿಯೇ ಪರದೇಶಿಯ ಬಿಡಾರವಿರುವಾಗ, ಕ್ಯಾಂಪಿನವನನ್ನು ಹೊರಗಿನವನೆನ್ನಲು ನಮಗೆ ಯಾವ ಅಧಿಕಾರವಿದೆ?

ಈ ಸೀಮೆಯ ಕಥೆಯೂ ಹೀಗೆಯೇ ಅಲ್ಲವೇ? ಒಂದೇ ಮನೆಯಲ್ಲಿ ಹುಟ್ಟಿ ಬಾಳಿದ ಹಿರಿಯರೊಬ್ಬರು ಮದರಾಸು ರಾಜ್ಯದವರಾಗಿದ್ದು, 1953ರಲ್ಲಿ ಮೈಸೂರಿನವರಾಗಿ, 1973ರಲ್ಲಿ ಕರ್ನಾಟಕದವರಾದರು. ಬಳ್ಳಾರಿ ಜಿಲ್ಲೆಯಲ್ಲಿದ್ದವರು 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಅವರು ಕದಲಲಿಲ್ಲ, ವಿಳಾಸವೇ ಬದಲಾಯಿತು. ಹಾಗಾದರೆ ಕದಲಿ ಬಂದವನಿಗೂ ಕದಲದೆ ಇದ್ದವನಿಗೂ ಎಷ್ಟು ಅಂತರ?

ಇಷ್ಟೆಲ್ಲ ಓದಿ ಯೋಚಿಸಿದ ಮೇಲೆ ಆ ಗೃಹಸ್ಥರನ್ನು ನಾವು ಪುನಃ ಕರೆಸಿದೆವು. ಖಾಲಿ ಉಳಿದಿದ್ದ ಅಂಕಣವನ್ನು ತೋರಿಸಿ, ತಮ್ಮ ತಂದೆಯವರನ್ನು ಎಲ್ಲಿ ಮಣ್ಣು ಮಾಡಿದ್ದೀರಿ ಎಂದು ಕೇಳಿದೆವು. “ಇಲ್ಲೇ ಫಾದರ್, ನಮ್ಮ ಸಮಾಧಿ ಭೂಮಿಯಾಗ” ಎಂದರು. ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿದೆವು. “ಇಲ್ಲೇರಿ” ಎಂದರು. ಹಾಗಾದರೆ ಇನ್ನೇನು ಅನುಮಾನ ಎಂದು ಹೇಳಿ, ‘ಸ್ವಂತ ಊರು’ ಎಂಬುದರ ಮುಂದೆ ಅವರ ಕ್ಯಾಂಪಿನ ಪೂರ್ಣ ಹೆಸರನ್ನು ನಮ್ಮ ಕೈಯಿಂದಲೇ ಬರೆದೆವು. ಅವರು ಅದನ್ನು ಒಂದೆರಡು ಬಾರಿ ಓದಿಕೊಂಡರು, ನಮಸ್ಕರಿಸಿ ಹೊರಟರು. ಈ ಸಂಚಿಕೆಯ ಕೊನೆಯ ಪುಟಗಳಲ್ಲಿರುವ ಕುಟುಂಬಗಳ ಪಟ್ಟಿಯಲ್ಲಿ ವಾಚಕರು ಅಂತಹ ಹಲವು ಹೆಸರುಗಳನ್ನು ಕಾಣುವಿರಿ. ಹಳೆಯ ಪುಸ್ತಕದ ಆ ಪುಟಗಳನ್ನು ನಾವು ತಿದ್ದಿಲ್ಲ, ತಿದ್ದುವ ಅಧಿಕಾರವೂ ನಮಗಿಲ್ಲ. ಆದರೆ ಮುಂದಿನ ನೂರು ವರ್ಷಗಳ ಪುಸ್ತಕದಲ್ಲಿ ಯಾವ ಮಗುವಿನ ನಿವಾಸಸ್ಥಳವೂ ಬರಿಯ ‘ಕ್ಯಾಂಪ್’ ಎಂದಿರಬಾರದು, ಅದರ ಹಿಂದೆ ಹೆಸರೊಂದಿರಬೇಕು ಎಂಬುದು ನಮ್ಮ ನಂತರ ಈ ಲೇಖನಿಯನ್ನು ಹಿಡಿಯುವ ಗುರುಗಳಲ್ಲಿ ನಮ್ಮ ವಿನಂತಿ.